ಗಡಿ ದಾಟಿದರೆ ಗಲ್ಲು

2002ರ ಅಕ್ಟೋಬರ್ ತಿಂಗಳಿನಲ್ಲಿ ಮೂರು ವಾರಗಳ ಕಾಲ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ಸುತ್ತಮುತ್ತಲ ಜನ ಪೆಟ್ರೋಲ್ ಬಂಕಿನಲ್ಲಿ ಕಾರು ನಿಲ್ಲಿಸುವುದಕ್ಕೂ ಹೆದರುತ್ತಿದ್ದರು. ಎಲ್ಲಿಂದಲೋ ಒಂದು ಗುಂಡು ಬರುತ್ತಿತ್ತು, ಯಾರೋ ಒಬ್ಬರು ಬೀಳುತ್ತಿದ್ದರು. ಹತ್ತು ಜನ ಸತ್ತ ಮೇಲೆ, ಅಕ್ಟೋಬರ್ 24ರ ಬೆಳಗಿನ ಜಾವ, ಹೆದ್ದಾರಿ ಬದಿಯ ತಂಗುದಾಣವೊಂದರಲ್ಲಿ ಹಳೆಯ ಷೆವರ್ಲೆ ಕಾರಿನೊಳಗೆ ಮಲಗಿದ್ದ ಇಬ್ಬರು ಪೊಲೀಸರ ಕೈಗೆ ಸಿಕ್ಕರು. ಒಬ್ಬ ಮಾಜಿ ಸೈನಿಕ ಜಾನ್ ಅಲೆನ್ ಮುಹಮ್ಮದ್. ಇನ್ನೊಬ್ಬ 17 ವರ್ಷದ ಹುಡುಗ ಲೀ ಬಾಯ್ಡ್ ಮಾಲ್ವೊ. ಕಾರಿನ ಡಿಕ್ಕಿಯಲ್ಲಿ ಬಂದೂಕಿನ ನಳಿಗೆ ಹೊರಚಾಚುವಷ್ಟು ರಂಧ್ರ ಕೊರೆದಿದ್ದರು.

ಸತ್ತ ಹತ್ತು ಜನರಲ್ಲಿ ಆರು ಮಂದಿ ಪ್ರಾಣ ಕಳೆದುಕೊಂಡದ್ದು ಪೊಟೋಮ್ಯಾಕ್ ನದಿಯ ಒಂದು ದಡದ ಮೇರಿಲ್ಯಾಂಡ್ ರಾಜ್ಯದಲ್ಲಿ. ಮೂವರು ಇನ್ನೊಂದು ದಡದ ವರ್ಜೀನಿಯಾದಲ್ಲಿ, ಒಬ್ಬರು ರಾಜಧಾನಿಯಲ್ಲೇ. ಆರೋಪಿಗಳು ಸಿಕ್ಕಿದ್ದೂ ಮೇರಿಲ್ಯಾಂಡಿನಲ್ಲಿ. ಲೆಕ್ಕದ ಪ್ರಕಾರ ಮೊದಲ ವಿಚಾರಣೆ ಅಲ್ಲೇ ನಡೆಯಬೇಕಿತ್ತು. ಆದರೆ ಕೇಂದ್ರ ಸರ್ಕಾರದ ಅಟಾರ್ನಿ ಜನರಲ್ ಜಾನ್ ಆಶ್‌ಕ್ರಾಫ್ಟ್ ಇಬ್ಬರನ್ನೂ ನದಿ ದಾಟಿಸಿ ವರ್ಜೀನಿಯಾಕ್ಕೆ ಒಪ್ಪಿಸಿದರು. ಅತಿ ಕಠಿಣ ಶಿಕ್ಷೆ ಸಿಗುವ ಸಾಧ್ಯತೆ ಎಲ್ಲಿದೆಯೋ ಅಲ್ಲಿ ವಿಚಾರಣೆ ನಡೆಯಲಿ ಎಂಬುದೇ ಅದರ ಕಾರಣ. ಆ ಕಾರಣವನ್ನು ಯಾರೂ ಮುಚ್ಚಿಡಲೂ ಇಲ್ಲ. ಮೇರಿಲ್ಯಾಂಡಿನ ಗವರ್ನರ್ ಅದೇ ವರ್ಷದ ಮೇ ತಿಂಗಳಲ್ಲಿ ಮರಣದಂಡನೆಯ ಜಾರಿಗೆ ತಡೆ ಹಾಕಿದ್ದರು. 18 ತುಂಬದವನನ್ನು ಕೊಲ್ಲಲು ಆ ರಾಜ್ಯದ ಕಾನೂನು ಒಪ್ಪುತ್ತಲೂ ಇರಲಿಲ್ಲ. ವರ್ಜೀನಿಯಾದಲ್ಲಿ 16 ಆಗಿದ್ದರೆ ಸಾಕಿತ್ತು. ಟೆಕ್ಸಾಸ್ ಬಿಟ್ಟರೆ ಆಗ ಅತಿ ಹೆಚ್ಚು ಮರಣದಂಡನೆ ಜಾರಿಗೊಳಿಸುತ್ತಿದ್ದ ರಾಜ್ಯವೂ ಅದೇ. ಮುಹಮ್ಮದ್‌ಗೆ 2009ರ ನವೆಂಬರ್ 10ರಂದು ಅಲ್ಲಿ ವಿಷದ ಚುಚ್ಚುಮದ್ದು ಕೊಡಲಾಯಿತು. ಮಾಲ್ವೊನ ಮೇಲೆ ಜ್ಯೂರಿಗೆ ಕನಿಕರ ಹುಟ್ಟಿ ಅವನಿಗೆ ಜೀವಾವಧಿಯಾಯಿತು.

ಭಾರತದ ಓದುಗರಿಗೆ ಇದು ಸ್ವಲ್ಪ ವಿಚಿತ್ರವಾಗಿಯೇ ಕಾಣಬೇಕು. ಬೀದರಿನಲ್ಲಿ ಕೊಲೆ ಮಾಡಿದರೂ ಒಂದೇ, ಗಡಿ ದಾಟಿ ಜಹೀರಾಬಾದಿನಲ್ಲಿ ಮಾಡಿದರೂ ಒಂದೇ. 1860ರ ದಂಡ ಸಂಹಿತೆಯಲ್ಲಿ ಅದು 302ನೇ ಸೆಕ್ಷನ್ ಆಗಿತ್ತು, 2024ರ ಜುಲೈನಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ 103 ಆಗಿದೆ. ಸೆಕ್ಷನ್ನಿನ ಸಂಖ್ಯೆ ಬದಲಾದೀತು, ರಾಜ್ಯದಿಂದ ರಾಜ್ಯಕ್ಕೆ ಕೊಲೆಯ ಶಿಕ್ಷೆ ಬದಲಾಗದು. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ ದೇಶ ಹುಟ್ಟುವ ಮೊದಲೇ ರಾಜ್ಯಗಳಿದ್ದವು. ಹದಿಮೂರು ವಸಾಹತುಗಳಿಗೆ ಹದಿಮೂರು ಬಗೆಯ ಕಾನೂನುಗಳಿದ್ದವು. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಕುಳಿತು ಸಂವಿಧಾನ ಬರೆದವರು ದೇಶದ್ರೋಹ, ಖೋಟಾ ನಾಣ್ಯ, ಕಡಲ್ಗಳ್ಳತನದಂಥ ಕೆಲವನ್ನು ಕೇಂದ್ರಕ್ಕೆ ವಹಿಸಿ, ಕೊಲೆ ದರೋಡೆಗಳನ್ನು ರಾಜ್ಯಗಳ ಪಾಲಿಗೇ ಬಿಟ್ಟರು. ‘ಕ್ರೂರ ಮತ್ತು ಅಸಾಮಾನ್ಯ’ ಶಿಕ್ಷೆಗಳನ್ನು ನಿಷೇಧಿಸುವ ಎಂಟನೇ ತಿದ್ದುಪಡಿ 1791ರಲ್ಲಿ ಬಂತು, ನಿಜ. ಆದರೆ ಅದು ಕಟ್ಟಿಹಾಕಿದ್ದು ಕೇಂದ್ರವನ್ನು ಮಾತ್ರ. ರಾಜ್ಯಗಳೂ ಅದಕ್ಕೆ ಬದ್ಧ ಎಂದು ಸುಪ್ರೀಂ ಕೋರ್ಟು ಹೇಳಿದ್ದು 1962ರಲ್ಲಿ! ಅಲ್ಲಿಯವರೆಗಿನ 171 ವರ್ಷ ಯಾರನ್ನು, ಯಾವುದಕ್ಕಾಗಿ, ಹೇಗೆ ಕೊಲ್ಲಬೇಕೆಂಬುದನ್ನು ಪ್ರತಿಯೊಂದು ರಾಜ್ಯವೂ ತನ್ನಿಷ್ಟದಂತೆ ನಿರ್ಧರಿಸಿತು.

ಈ ಭಿನ್ನತೆಯ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಮ್ಯಾಸಚೂಸೆಟ್ಸ್ ವಸಾಹತಿನ ಪ್ಯೂರಿಟನ್ನರು 1641ರಲ್ಲಿ ಮಾಡಿಕೊಂಡ ಶಾಸನದಲ್ಲಿ ಮಾಟ, ದೈವನಿಂದೆ, ಸುಳ್ಳು ದೇವರ ಪೂಜೆ ಎಲ್ಲಕ್ಕೂ ಮರಣವೇ ಶಿಕ್ಷೆ. ಪ್ರತಿಯೊಂದರ ಪಕ್ಕದಲ್ಲೂ ಬೈಬಲ್ಲಿನ ಅಧ್ಯಾಯ, ವಚನಗಳ ಉಲ್ಲೇಖ. ಅದೇ ಶತಮಾನದಲ್ಲಿ, 1682ರಲ್ಲಿ, ಕ್ವೇಕರ್ ಪಂಥದ ವಿಲಿಯಂ ಪೆನ್ ಸ್ಥಾಪಿಸಿದ ಪೆನ್ಸಿಲ್ವೇನಿಯಾದಲ್ಲಿ ಮರಣದಂಡನೆ ಹೆಚ್ಚುಕಡಿಮೆ ಕೊಲೆಗೆ ಮಾತ್ರ ಉಳಿಯಿತು. ಅದೇ ಪೆನ್ಸಿಲ್ವೇನಿಯಾ 1794ರಲ್ಲಿ ಕೊಲೆಯನ್ನೇ ಎರಡು ದರ್ಜೆಗಳಾಗಿ ಒಡೆದು, ಮುಂಚಿತವಾಗಿ ಯೋಚಿಸಿ ಮಾಡಿದ ಮೊದಲ ದರ್ಜೆಯ ಕೊಲೆಗಷ್ಟೇ ಗಲ್ಲು ಎಂದಿತು. ಅಮೆರಿಕದ ಸಿನಿಮಾಗಳಲ್ಲಿ ಪದೇಪದೇ ಕೇಳುವ ‘ಫಸ್ಟ್ ಡಿಗ್ರಿ ಮರ್ಡರ್’ ಎಂಬ ಮಾತು ಹುಟ್ಟಿದ್ದು ಅಲ್ಲಿ.

ಗಲ್ಲನ್ನು ಮೊದಲು ಕೈಬಿಟ್ಟದ್ದು ಮಾತ್ರ ಪೆನ್ಸಿಲ್ವೇನಿಯಾ ಅಲ್ಲ. ನ್ಯೂಯಾರ್ಕ್, ಬಾಸ್ಟನ್ನಿನ ವಿದ್ವಾಂಸರು ಪುಸ್ತಕ ಬರೆದು ವಾದಿಸುತ್ತಿದ್ದಾಗ ಕಾಡು ಕಡಿದು ಹೊಲ ಮಾಡುತ್ತಿದ್ದ ಮಿಷಿಗನ್ ಆ ಕೆಲಸ ಮಾಡಿಬಿಟ್ಟಿತು. 1830ರಲ್ಲಿ ಡೆಟ್ರಾಯಿಟ್‌ನಲ್ಲಿ ಸ್ಟೀಫನ್ ಸಿಮನ್ಸ್ ಎಂಬ ಹೋಟೆಲಿನವನನ್ನು ಕುಡಿದ ಅಮಲಿನಲ್ಲಿ ಹೆಂಡತಿಯನ್ನು ಕೊಂದನೆಂದು ಗಲ್ಲಿಗೇರಿಸಿದರು. ಜಾತ್ರೆಯ ಸಡಗರ. ಜನ ಕೂರಲು ಮೆಟ್ಟಿಲು ಕಟ್ಟಿದ್ದರು, ವಾದ್ಯ ನುಡಿಸುವವರಿದ್ದರು. ನೇಣುಗಂಬದ ಕೆಳಗೆ ನಿಂತ ಸಿಮನ್ಸ್ ಕುಡಿತದ ಕೇಡಿನ ಬಗ್ಗೆ ನಾಲ್ಕು ಮಾತಾಡಿ, ದೇವರ ಹಾಡೊಂದನ್ನು ಹಾಡಿದನಂತೆ. ನೋಡಲು ಬಂದವರು ತಲೆ ತಗ್ಗಿಸಿ ಮನೆಗೆ ಹೋದರು ಎನ್ನುತ್ತಾರೆ. ಆ ನೆನಪು ಮಾಸುವ ಮೊದಲೇ, 1846ರಲ್ಲಿ, ಮಿಷಿಗನ್ನಿನ ಶಾಸನಸಭೆ ಕೊಲೆಗೆ ಮರಣದಂಡನೆಯನ್ನು ತೆಗೆದುಹಾಕಿತು. ದೇಶದ್ರೋಹ ಒಂದನ್ನು ಕಾಗದದ ಮೇಲೆ ಉಳಿಸಿಕೊಂಡಿತು, ಅಷ್ಟೆ. 1847ರ ಮಾರ್ಚ್ 1ರಿಂದ ಕಾನೂನು ಜಾರಿಗೆ ಬಂತು. ಇಂಗ್ಲಿಷ್ ಮಾತಾಡುವ ಜಗತ್ತಿನಲ್ಲಿ ಇಂಥ ಕೆಲಸ ಮಾಡಿದ ಮೊದಲ ಸರ್ಕಾರ ಅದು. ಅಂದಿನಿಂದ ಇಂದಿನವರೆಗೆ ಮಿಷಿಗನ್ ತನ್ನ ಕಾನೂನಿನಡಿ ಒಬ್ಬನನ್ನೂ ಕೊಂದಿಲ್ಲ.

ಪಕ್ಕದ ವಿಸ್ಕಾನ್ಸಿನ್ ಕತೆ ಇನ್ನೂ ಕುತೂಹಲಕರ. 1851ರ ಆಗಸ್ಟ್‌ನಲ್ಲಿ ಕಿನೋಷಾ ಎಂಬ ಊರಿನಲ್ಲಿ ಜಾನ್ ಮೆಕ್ಯಾಫ್ರಿ ಎಂಬ ಐರಿಷ್ ವಲಸಿಗನನ್ನು ಎರಡು ಮೂರು ಸಾವಿರ ಜನರೆದುರು ನೇಣು ಹಾಕಿದರು. ಅವನೂ ಹೆಂಡತಿಯನ್ನು ಕೊಂದವನೇ. ಹಗ್ಗ ಕತ್ತು ಮುರಿಯಲಿಲ್ಲ. ಅವನ ಪ್ರಾಣ ಹೋಗಲು ಸುಮಾರು ಇಪ್ಪತ್ತು ನಿಮಿಷ ಹಿಡಿಯಿತು. ಆ ಊರಿನ ‘ಟೆಲಿಗ್ರಾಫ್’ ಪತ್ರಿಕೆಯ ಸಂಪಾದಕ ಕ್ರಿಸ್ಟೋಫರ್ ಲೇಥಂ ಷೋಲ್ಸ್ ಇದನ್ನು ಸುಮ್ಮನೆ ಬಿಡಲಿಲ್ಲ. ಪತ್ರಿಕೆಯಲ್ಲೂ ಶಾಸನಸಭೆಯಲ್ಲೂ ಹೋರಾಡಿದ. 1853ರಲ್ಲಿ ವಿಸ್ಕಾನ್ಸಿನ್ ಮರಣದಂಡನೆಯನ್ನು ಪೂರ್ತಿ ರದ್ದು ಮಾಡಿತು, ಮತ್ತೆ ತರಲಿಲ್ಲ. ರಾಜ್ಯವಾದ ಮೇಲೆ ಅದು ನೇಣಿಗೇರಿಸಿದ್ದು ಮೆಕ್ಯಾಫ್ರಿ ಒಬ್ಬನನ್ನೇ. ಷೋಲ್ಸ್‌ನ ಹೆಸರು ಇಂದು ಉಳಿದಿರುವುದು ಬೇರೆ ಕಾರಣಕ್ಕೆ. 1868ರಲ್ಲಿ ಬೆರಳಚ್ಚು ಯಂತ್ರಕ್ಕೆ ಪೇಟೆಂಟ್ ಪಡೆದವನು ಅವನು. ಕಂಪ್ಯೂಟರಿನ ಕೀಲಿಮಣೆಯಲ್ಲಿ ಇಂಗ್ಲಿಷ್ ಅಕ್ಷರಗಳು ಇಂದಿಗೂ ಕುಳಿತಿರುವ ಕ್ರಮ ಅವನ ಯಂತ್ರದಿಂದ ಬಂದದ್ದು.

ಮಿನಸೋಟದಲ್ಲೂ ಪತ್ರಿಕೆಗಳದೇ ಪಾತ್ರ. ಗಲ್ಲಿಗೇರಿಸುವ ಕೆಲಸ ರಾತ್ರಿ ಹೊತ್ತು, ಗೋಡೆಯೊಳಗೆ ಆಗಬೇಕು, ಪತ್ರಿಕೆಗಳು ವಿವರ ಬರೆಯಕೂಡದು ಎಂದು 1889ರಲ್ಲಿ ಆ ರಾಜ್ಯ ಕಾನೂನು ಮಾಡಿತ್ತು. 1906ರ ಫೆಬ್ರುವರಿಯಲ್ಲಿ ಸೇಂಟ್ ಪಾಲ್ ನಗರದ ಜೈಲಿನಲ್ಲಿ ವಿಲಿಯಂ ವಿಲಿಯಮ್ಸ್ ಎಂಬವನನ್ನು ನೇಣಿಗೆ ಹಾಕಿದಾಗ ಹಗ್ಗದ ಅಳತೆ ತಪ್ಪಿ ಅವನ ಕಾಲು ನೆಲಕ್ಕೆ ತಾಗಿತು. ಮೂವರು ಸಿಬ್ಬಂದಿ ಹಗ್ಗವನ್ನು ಮೇಲಕ್ಕೆ ಜಗ್ಗಿ ಹಿಡಿದು ನಿಂತರು, ಹದಿನಾಲ್ಕೂವರೆ ನಿಮಿಷ. ಪತ್ರಿಕೆಗಳು ಕಾನೂನು ಮುರಿದು ಎಲ್ಲವನ್ನೂ ಬರೆದವು, ದಂಡ ತೆತ್ತವು. ಐದು ವರ್ಷಗಳ ಮೇಲೆ, 1911ರಲ್ಲಿ, ಮಿನಸೋಟದಲ್ಲಿ ಮರಣದಂಡನೆ ಇಲ್ಲವಾಯಿತು. ಒಂದೇ ದಿನದಲ್ಲಿ ಅತಿ ಹೆಚ್ಚು ಜನರನ್ನು ನೇಣಿಗೇರಿಸಿದ ಅಮೆರಿಕದ ದಾಖಲೆಯೂ ಅದೇ ನೆಲದ್ದು ಎಂಬುದನ್ನು ಮರೆಯಬಾರದು: 1862ರ ಡಿಸೆಂಬರ್ 26ರಂದು ಮ್ಯಾನ್‌ಕೇಟೊ ಊರಿನಲ್ಲಿ ಡಕೋಟಾ ಬುಡಕಟ್ಟಿನ 38 ಮಂದಿಯನ್ನು ಒಟ್ಟಿಗೆ ಗಲ್ಲಿಗೇರಿಸಲಾಯಿತು. ಆದರೆ ಅದು ರಾಜ್ಯದ ಕೋರ್ಟಿನ ತೀರ್ಪಲ್ಲ, ಕೇಂದ್ರದ ಸೈನ್ಯದ್ದು.

ರಾಜ್ಯ ಬೇಡವೆಂದರೂ ಕೇಂದ್ರ ಬಿಡುವುದಿಲ್ಲ ಎಂಬುದು ಮಿಷಿಗನ್ನಿಗೂ ಒಮ್ಮೆ ಅನುಭವಕ್ಕೆ ಬಂತು. 1937ರಲ್ಲಿ ಮಿಡ್‌ಲ್ಯಾಂಡ್ ಊರಿನ ಬ್ಯಾಂಕ್ ದರೋಡೆಗೆ ಹೋದ ಆಂಟನಿ ಚೆಬಟೋರಿಸ್ ಎಂಬವನು ದಾರಿಯಲ್ಲಿದ್ದ ಲಾರಿ ಚಾಲಕನೊಬ್ಬನನ್ನು ಪೊಲೀಸನೆಂದು ತಿಳಿದು ಗುಂಡಿಕ್ಕಿದ. ಬ್ಯಾಂಕ್ ದರೋಡೆಯಲ್ಲಿ ಕೊಲೆಯಾದರೆ ಮರಣದಂಡನೆ ವಿಧಿಸಬಹುದೆಂದು 1934ರಲ್ಲಷ್ಟೇ ಕೇಂದ್ರದ ಕಾನೂನು ಬಂದಿತ್ತು. ಗವರ್ನರ್ ಫ್ರ್ಯಾಂಕ್ ಮರ್ಫಿ ಅಧ್ಯಕ್ಷ ರೂಸ್‌ವೆಲ್ಟರಿಗೇ ಮೊರೆಯಿಟ್ಟರು: ಕೊಲ್ಲಲೇಬೇಕಿದ್ದರೆ ಬೇರೆ ಯಾವುದಾದರೂ ರಾಜ್ಯಕ್ಕೆ ಕರೆದೊಯ್ಯಿರಿ, ನಮ್ಮ ನೆಲದ ಮೇಲೆ ಬೇಡ. ಮಾತು ನಡೆಯಲಿಲ್ಲ. 1938ರ ಜುಲೈ 8ರಂದು ಮಿಷಿಗನ್ನಿನ ಮೈಲನ್ ಎಂಬಲ್ಲಿನ ಕೇಂದ್ರ ಜೈಲಿನಲ್ಲಿ ಅವನನ್ನು ನೇಣು ಹಾಕಲಾಯಿತು. ಈಚಿನ ಉದಾಹರಣೆಯೂ ಉಂಟು. ಬಾಸ್ಟನ್ ಮ್ಯಾರಥಾನ್ ಓಟದಲ್ಲಿ ಬಾಂಬ್ ಇಟ್ಟವನಿಗೆ 2015ರಲ್ಲಿ ಅದೇ ನಗರದ ಕೇಂದ್ರ ನ್ಯಾಯಾಲಯ ಮರಣದಂಡನೆ ವಿಧಿಸಿತು. ಬಾಸ್ಟನ್ ಇರುವ ಮ್ಯಾಸಚೂಸೆಟ್ಸ್ ರಾಜ್ಯದ ಸ್ವಂತ ಕಾನೂನಿನಲ್ಲಿ ಆ ಶಿಕ್ಷೆಯೇ ಇಲ್ಲ.

ಉತ್ತರದ ಈ ರಾಜ್ಯಗಳ ಜನ ಹೆಚ್ಚು ದಯಾಳುಗಳು ಎಂದುಕೊಂಡರೆ ತಪ್ಪಾದೀತು. ಅವುಗಳಿಗಿಂತ ಬಹಳ ಆಳವಾಗಿ ಬೇರೂರಿದ್ದ ಒಂದು ಸಂಗತಿ ದಕ್ಷಿಣದಲ್ಲಿತ್ತು: ಗುಲಾಮಗಿರಿ. ಅಂತರ್ಯುದ್ಧಕ್ಕೆ ಮೊದಲು ವರ್ಜೀನಿಯಾದಲ್ಲಿ ಬಿಳಿಯನಿಗೆ ಮರಣ ತರುತ್ತಿದ್ದ ಅಪರಾಧಗಳು ಬೆರಳೆಣಿಕೆಯಷ್ಟು, ಗುಲಾಮನಿಗೆ ಹತ್ತಾರು. ಜಾರ್ಜಿಯಾದಲ್ಲಿ ಬಿಳಿಯ ಹೆಂಗಸಿನ ಮೇಲೆ ಅತ್ಯಾಚಾರ ಮಾಡಿದವನು ಕಪ್ಪು ಮನುಷ್ಯನಾದರೆ ಕಡ್ಡಾಯ ಮರಣ, ಬಿಳಿಯನಾದರೆ 2ರಿಂದ 20 ವರ್ಷ ಸೆರೆ. ಬಲಿಯಾದವಳು ಕಪ್ಪು ಹೆಂಗಸಾದರೆ ನ್ಯಾಯಾಲಯಕ್ಕೆ ತೋಚಿದಷ್ಟು ಜುಲ್ಮಾನೆಯೋ ಸೆರೆಯೋ ಆದರೆ ಮುಗಿಯಿತು. ಯುದ್ಧದ ನಂತರ ಪುಸ್ತಕದಿಂದ ಈ ಮಾತುಗಳು ಅಳಿಸಿಹೋದವು. ಜ್ಯೂರಿಯ ಮನಸ್ಸಿನಿಂದ ಅಳಿಸಿಹೋಗಲಿಲ್ಲ. 1930ರಿಂದ 1972ರವರೆಗೆ ಅಮೆರಿಕದಲ್ಲಿ ಅತ್ಯಾಚಾರಕ್ಕಾಗಿ 455 ಮಂದಿಯನ್ನು ಕೊಲ್ಲಲಾಯಿತು. ಅವರಲ್ಲಿ 405 ಮಂದಿ ಕಪ್ಪು ಜನ. ದಕ್ಷಿಣದ ರಾಜ್ಯಗಳು, ಅವಕ್ಕೆ ತಾಗಿದ ಗಡಿ ರಾಜ್ಯಗಳು ಮತ್ತು ರಾಜಧಾನಿ ವಾಷಿಂಗ್ಟನ್ ಬಿಟ್ಟರೆ ಬೇರೆಲ್ಲೂ ಈ ಅಪರಾಧಕ್ಕೆ ಪ್ರಾಣ ತೆಗೆಯುತ್ತಿರಲಿಲ್ಲ.

ಪಶ್ಚಿಮದ್ದು ಮತ್ತೊಂದು ಬಗೆ. ಅಲ್ಲಿ ಜನ ಮತ ಹಾಕಿ ನೇಣುಗಂಬವನ್ನು ಎತ್ತುತ್ತಿದ್ದರು, ಇಳಿಸುತ್ತಿದ್ದರು. ಕೊಲರಾಡೊ 1897ರಲ್ಲಿ ರದ್ದು ಮಾಡಿ, ಜನರ ಗುಂಪುಗಳು ತಾವೇ ಆರೋಪಿಗಳನ್ನು ಕೊಲ್ಲತೊಡಗಿದ ಮೇಲೆ 1901ರಲ್ಲಿ ಮತ್ತೆ ತಂದಿತು. ಆರೆಗನ್ ಆಡಿದ ಉಯ್ಯಾಲೆಗಂತೂ ಸಾಟಿಯಿಲ್ಲ. 1914ರಲ್ಲಿ ಮರಣದಂಡನೆ ರದ್ದು, 1920ರಲ್ಲಿ ವಾಪಸು, 1964ರಲ್ಲಿ ರದ್ದು, 1978ರಲ್ಲಿ ವಾಪಸು. 1981ರಲ್ಲಿ ರಾಜ್ಯದ ಕೋರ್ಟು ಅದನ್ನು ತಳ್ಳಿಹಾಕಿತು, 1984ರಲ್ಲಿ ಜನ ಮತ್ತೆ ಮತ ಹಾಕಿ ತಂದರು. ಅಲ್ಲಿನ ಕೊಲೆಗಾರನ ಗತಿ ಅವನು ಹುಟ್ಟಿದ ನಕ್ಷತ್ರಕ್ಕಿಂತ ಕೊಲೆ ಮಾಡಿದ ವರ್ಷವನ್ನು ಅವಲಂಬಿಸಿತ್ತು.

ಇಂಥ ಗೊಂದಲಕ್ಕೆ ಕೊನೆಗೂ ಸುಪ್ರೀಂ ಕೋರ್ಟು ಕೈಹಾಕಿದ್ದು ವಿಲಿಯಂ ಹೆನ್ರಿ ಫರ್ಮನ್ ಎಂಬವನ ಪ್ರಕರಣದಲ್ಲಿ. 1967ರಲ್ಲಿ ಜಾರ್ಜಿಯಾದ ಸವಾನಾ ನಗರದಲ್ಲಿ ರಾತ್ರಿ ಕಳ್ಳತನಕ್ಕೆ ಮನೆಯೊಂದನ್ನು ಹೊಕ್ಕ ಅವನು, ಯಜಮಾನ ಎದ್ದು ಬಂದಾಗ ಓಡಿಹೋಗುತ್ತ ಗುಂಡು ಹಾರಿಸಿದ. ಮನೆಯ ಯಜಮಾನ ಸತ್ತ. ಆರನೇ ಇಯತ್ತೆಯವರೆಗಷ್ಟೇ ಓದಿದ್ದ ಕಪ್ಪು ಮನುಷ್ಯ ಫರ್ಮನ್‌ನ ವಿಚಾರಣೆ ಒಂದೇ ದಿನದಲ್ಲಿ ಮುಗಿದು ಮರಣದಂಡನೆಯೂ ಆಯಿತು. ಆ ಕಾಲದ ಪದ್ಧತಿಯಲ್ಲಿ ಜ್ಯೂರಿಗೆ ಯಾವ ಮಾರ್ಗಸೂಚಿಯೂ ಇರಲಿಲ್ಲ. ಹನ್ನೆರಡು ಮಂದಿ ಒಳಗೆ ಹೋಗಿ, ಜೀವವೋ ಮರಣವೋ ಎಂದು ಹೇಳಿ ಹೊರಗೆ ಬಂದರಾಯಿತು, ಕಾರಣ ಕೊಡಬೇಕಿರಲಿಲ್ಲ. 1972ರ ಜೂನ್ 29ರಂದು ಸುಪ್ರೀಂ ಕೋರ್ಟು 5–4ರ ಬಹುಮತದಿಂದ ಈ ಪದ್ಧತಿಯನ್ನು ರದ್ದುಪಡಿಸಿತು. ಒಂಬತ್ತು ನ್ಯಾಯಮೂರ್ತಿಗಳು ಒಂಬತ್ತು ಪ್ರತ್ಯೇಕ ಅಭಿಪ್ರಾಯ ಬರೆದರು. ಮರಣದಂಡನೆಯೇ ಎಲ್ಲ ಸಂದರ್ಭದಲ್ಲೂ ತಪ್ಪು ಎಂದವರು ಇಬ್ಬರು ಮಾತ್ರ, ಬ್ರೆನನ್ ಮತ್ತು ಮಾರ್ಷಲ್. ಉಳಿದ ಮೂವರ ತಕರಾರು ಬೇರೆ: ಒಂದೇ ಬಗೆಯ ಅಪರಾಧಿಗಳಲ್ಲಿ ಎಲ್ಲೋ ಒಬ್ಬಿಬ್ಬರು ಸಾಯುತ್ತಾರೆ, ಅವರೇ ಏಕೆ ಎಂಬುದಕ್ಕೆ ಉತ್ತರವಿಲ್ಲ. ಇದು ಸಿಡಿಲು ಬಡಿದಂತೆ ಎಂದು ಹೋಲಿಸಿದವರು ನ್ಯಾಯಮೂರ್ತಿ ಸ್ಟುವರ್ಟ್. ದೇಶದಾದ್ಯಂತ ಸರದಿಯಲ್ಲಿದ್ದ ಆರುನೂರಕ್ಕೂ ಹೆಚ್ಚು ಮಂದಿಯ ಪ್ರಾಣ ಅಂದು ಉಳಿಯಿತು.

ಅದರ ಅಲೆ ಭಾರತಕ್ಕೂ ತಲುಪಿತು. 1972ರಲ್ಲಿ ಜಗಮೋಹನ್ ಸಿಂಗ್ ಪ್ರಕರಣದಲ್ಲಿ ಭಾರತದ ಸುಪ್ರೀಂ ಕೋರ್ಟಿನ ಮುಂದೆ ಫರ್ಮನ್ ತೀರ್ಪನ್ನು ಎತ್ತಿ ಹಿಡಿದು ವಾದಿಸಲಾಯಿತು. ನಮ್ಮ ಪದ್ಧತಿಯೇ ಬೇರೆ, ಇಲ್ಲಿ ಶಿಕ್ಷೆ ವಿಧಿಸುವವರು ನ್ಯಾಯಾಧೀಶರು, ಅದು ಇಲ್ಲಿಗೆ ಸಲ್ಲದು ಎಂದಿತು ಕೋರ್ಟು. 1980ರ ಬಚನ್ ಸಿಂಗ್ ತೀರ್ಪಿನಲ್ಲಿ ‘ಅಪರೂಪದಲ್ಲಿ ಅಪರೂಪ’ ಎಂಬ ಮಾತು ಬಂತು. ಆ ಪೀಠದಲ್ಲಿ ಭಿನ್ನಮತ ಬರೆದ ನ್ಯಾಯಮೂರ್ತಿ ಭಗವತಿಯವರ ಆಕ್ಷೇಪ ಮಾತ್ರ ಸ್ಟುವರ್ಟರ ಸಿಡಿಲಿಗೆ ಹತ್ತಿರದ್ದೇ ಆಗಿತ್ತು: ಯಾವ ನ್ಯಾಯಪೀಠದ ಮುಂದೆ ಪ್ರಕರಣ ಬಂತು ಎಂಬುದರ ಮೇಲೆ ಮನುಷ್ಯನ ಪ್ರಾಣ ನಿಲ್ಲಬಾರದು.

ಅಮೆರಿಕದಲ್ಲಿ ಮರಣದಂಡನೆ ಮುಗಿಯಿತೆಂದೇ ಹಲವರು ತಿಳಿದಿದ್ದರು. ಆದದ್ದು ತದ್ವಿರುದ್ಧ. ಹೊರಗಿನ ಕೋರ್ಟು ತಮ್ಮ ಕಾನೂನಿಗೆ ಕೈಹಾಕಿತೆಂಬ ಸಿಟ್ಟಿನಲ್ಲಿ ರಾಜ್ಯಗಳು ಪೈಪೋಟಿಗೆ ಬಿದ್ದಂತೆ ಹೊಸ ಶಾಸನಗಳನ್ನು ಬರೆದವು. ನಾಲ್ಕು ವರ್ಷದೊಳಗೆ 35 ರಾಜ್ಯಗಳಲ್ಲಿ ಅದು ಮರಳಿತ್ತು. ನಾರ್ತ್ ಕೆರೊಲಿನಾದಂಥ ಕೆಲವು ಆಯ್ಕೆಯೇ ಬೇಡವೆಂದು ಮೊದಲ ದರ್ಜೆಯ ಕೊಲೆಗೆಲ್ಲ ಕಡ್ಡಾಯ ಮರಣ ಎಂದವು. ಜಾರ್ಜಿಯಾ, ಫ್ಲಾರಿಡಾ, ಟೆಕ್ಸಾಸ್ ತಂತಮ್ಮ ಮಾರ್ಗಸೂಚಿಗಳನ್ನು ರಚಿಸಿದವು. 1976ರ ಜುಲೈ 2ರಂದು ಸುಪ್ರೀಂ ಕೋರ್ಟು ಕಡ್ಡಾಯದ ಕಾನೂನುಗಳನ್ನು ತಳ್ಳಿಹಾಕಿ, ಮಾರ್ಗಸೂಚಿಗಳಿದ್ದವನ್ನು ಒಪ್ಪಿಕೊಂಡಿತು. ವಿಪರ್ಯಾಸ ಇಲ್ಲಿದೆ. ಶಿಕ್ಷೆ ಎಲ್ಲೆಡೆ ಒಂದೇ ಅಳತೆಯಲ್ಲಿ ಬೀಳಲಿ ಎಂದು ಹೊರಟ ಕೋರ್ಟು ಕೊನೆಗೆ ಒಪ್ಪಿದ್ದು ಒಂದಕ್ಕೊಂದು ಹೋಲದ ಮೂರು ಅಳತೆಗೋಲುಗಳನ್ನು. ಮೂರರ ಹಾದಿಯೂ ಕ್ರಮೇಣ ಇನ್ನಷ್ಟು ಕವಲೊಡೆಯಿತು.

ಟೆಕ್ಸಾಸಿನದನ್ನೇ ನೋಡಿ. ಅಲ್ಲಿ ಜ್ಯೂರಿಯ ಮುಂದಿಡುವ ಪ್ರಶ್ನೆಗಳಲ್ಲಿ ಮುಖ್ಯವಾದದ್ದು: ಈ ಮನುಷ್ಯ ಮುಂದೆಯೂ ಹಿಂಸಾಕೃತ್ಯ ಎಸಗಿ ಸಮಾಜಕ್ಕೆ ಅಪಾಯವಾಗಿ ಉಳಿಯುವ ಸಂಭವವಿದೆಯೇ? ನಡೆದದ್ದಕ್ಕಲ್ಲ, ನಡೆಯಬಹುದಾದದ್ದಕ್ಕೆ ಉತ್ತರ ಹೇಳಬೇಕು. ಜೋಯಿಸರ ಕೆಲಸವನ್ನು ಜ್ಯೂರಿಗೆ ಒಪ್ಪಿಸಿದಂತಾಯಿತು. ಜ್ಯೂರಿಯ ನೆರವಿಗೆ ಸರ್ಕಾರ ಮನೋವೈದ್ಯರನ್ನು ಕರೆಯಿಸುತ್ತಿತ್ತು. ಅವರಲ್ಲಿ ಡಲ್ಲಾಸಿನ ಜೇಮ್ಸ್ ಗ್ರಿಗ್‌ಸನ್ ನೂರಕ್ಕೂ ಹೆಚ್ಚು ಮೊಕದ್ದಮೆಗಳಲ್ಲಿ ಸಾಕ್ಷಿ ಹೇಳಿ ‘ಡಾಕ್ಟರ್ ಡೆತ್’ ಎಂದೇ ಹೆಸರಾದ. ಕೆಲವೊಮ್ಮೆ ಆರೋಪಿಯ ಮುಖವನ್ನೂ ಪರೀಕ್ಷಿಸದೆ, ಇವನು ಖಂಡಿತ ಮತ್ತೆ ಕೊಲ್ಲುತ್ತಾನೆ ಎನ್ನುತ್ತಿದ್ದ. ಇಂಥ ಭವಿಷ್ಯ ಮೂರರಲ್ಲಿ ಎರಡು ಬಾರಿ ತಪ್ಪಾಗುತ್ತದೆ ಎಂದು ಮನೋವೈದ್ಯರ ರಾಷ್ಟ್ರೀಯ ಸಂಘವೇ ಸುಪ್ರೀಂ ಕೋರ್ಟಿಗೆ ತಿಳಿಸಿತು. 1983ರಲ್ಲಿ ಕೋರ್ಟು, ಆ ಮಾತನ್ನು ತೂಗಿ ನೋಡಲು ಜ್ಯೂರಿಯಿದೆಯಲ್ಲ ಎಂದು ಸಾಕ್ಷ್ಯವನ್ನು ಒಪ್ಪಿತು. ಸಂಘ 1995ರಲ್ಲಿ ಗ್ರಿಗ್‌ಸನ್‌ನನ್ನು ಹೊರಹಾಕಿತು. ಆ ಪ್ರಶ್ನೆ ಟೆಕ್ಸಾಸಿನ ಕಾನೂನಿನಲ್ಲಿ ಇನ್ನೂ ಇದೆ. 1976ರ ನಂತರ ಇಡೀ ದೇಶದಲ್ಲಿ ಜಾರಿಯಾದ 1,600ಕ್ಕೂ ಹೆಚ್ಚು ಮರಣದಂಡನೆಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಆ ಒಂದೇ ರಾಜ್ಯದವು.

ನಮ್ಮಲ್ಲಿ ಜ್ಯೂರಿ ಪದ್ಧತಿ ಕಾಣೆಯಾಗಿ ದಶಕಗಳೇ ಆಗಿರುವುದರಿಂದ ಒಂದು ವಿವರ ಹೇಳಬೇಕು. ಮರಣದಂಡನೆಗೆ ಹೆಚ್ಚಿನ ರಾಜ್ಯಗಳಲ್ಲಿ ಹನ್ನೆರಡೂ ಮಂದಿ ಒಪ್ಪಬೇಕು; ಒಬ್ಬ ತಲೆಯಾಡಿಸಿದರೂ ಪ್ರಾಣ ಉಳಿಯುತ್ತದೆ. ಅಲಬಾಮದಲ್ಲಿ ಹತ್ತು ಸಾಕು. ಫ್ಲಾರಿಡಾದಲ್ಲಿ ಎಲ್ಲರೂ ಒಪ್ಪಬೇಕಿತ್ತು. 2018ರಲ್ಲಿ ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 17 ಜನರನ್ನು ಕೊಂದವನಿಗೆ 2022ರಲ್ಲಿ ಮೂವರು ಜ್ಯೂರಿ ಸದಸ್ಯರು ಮರಣ ಬೇಡವೆಂದಾಗ ರಾಜ್ಯ ಸಿಡಿದೆದ್ದು, ಮರುವರ್ಷವೇ ಎಂಟು ಮತ ಸಾಕೆಂದು ಕಾನೂನು ತಿದ್ದಿತು. 2025ರಲ್ಲಿ ಜಾರಿಯಾದ ಶಿಕ್ಷೆಗಳ ಸಂಖ್ಯೆಯಲ್ಲಿ ಫ್ಲಾರಿಡಾ 1976ರ ನಂತರದ ತನ್ನ ಎಲ್ಲ ವರ್ಷಗಳನ್ನೂ ಮೀರಿಸಿತು. ನೆಬ್ರಾಸ್ಕದಲ್ಲಿ ಕೊನೆಯ ಮಾತು ಜ್ಯೂರಿಯದಲ್ಲ, ಮೂವರು ನ್ಯಾಯಾಧೀಶರದು. ಕೊಲ್ಲುವ ವಿಧಾನಗಳಲ್ಲೂ ಇದೇ ತರಹ. ಚುಚ್ಚುಮದ್ದು ಸಾಮಾನ್ಯ, ಅದರ ಔಷಧ ಸಿಗುವುದು ಕಷ್ಟವಾದ ಮೇಲೆ ಸೌತ್ ಕೆರೊಲಿನಾ 2025ರಲ್ಲಿ ಗುಂಡು ಹಾರಿಸಿ ಕೊಂದಿತು, ಅಲಬಾಮ 2024ರಲ್ಲಿ ಸಾರಜನಕದ ಮೊರೆಹೋಯಿತು.

ಕಾನೂನು ಇದ್ದಮಾತ್ರಕ್ಕೆ ಶಿಕ್ಷೆ ಆಗುತ್ತದೆಂದೂ ಅಲ್ಲ. ಕನ್ಸಾಸ್ 1994ರಲ್ಲಿ ಮರಣದಂಡನೆಯನ್ನು ಮತ್ತೆ ತಂದಿತು. 1965ರಿಂದ ಈಚೆಗೆ ಯಾರನ್ನೂ ಕೊಂದಿಲ್ಲ. ಸರದಿಯಲ್ಲಿ ಅತಿ ಹೆಚ್ಚು ಕೈದಿಗಳನ್ನು ಇಟ್ಟುಕೊಂಡ ಕ್ಯಾಲಿಫೋರ್ನಿಯಾ 1978ರ ನಂತರ ಕೊಂದದ್ದು 13 ಮಂದಿಯನ್ನು, ಕೊನೆಯವನನ್ನು 2006ರಲ್ಲಿ. ಆದರೂ ಅಲ್ಲಿನ ಮತದಾರ ಸುಮ್ಮನಿದ್ದವನಲ್ಲ. ಮುಂದೆ ಬಂದ ಮರಣದಂಡನೆಯ ಪ್ರತಿಯೊಂದು ಮೇಲ್ಮನವಿಯಲ್ಲೂ ಶಿಕ್ಷೆಯ ವಿರುದ್ಧವೇ ಮತ ಕೊಟ್ಟ ರಾಜ್ಯದ ಮುಖ್ಯ ನ್ಯಾಯಮೂರ್ತಿ ರೋಸ್ ಬರ್ಡ್ ಅವರನ್ನು 1986ರ ಚುನಾವಣೆಯಲ್ಲಿ ಜನ ಕೆಳಗಿಳಿಸಿದರು. ನ್ಯಾಯಮೂರ್ತಿಗಳು ಜನರ ಮತಕ್ಕೆ ಕಾಯುವ ದೇಶದಲ್ಲಿ ಸರ್ಕಾರಿ ವಕೀಲರ ಪಾಡನ್ನು ಹೇಳಬೇಕಿಲ್ಲ. ಮರಣದಂಡನೆ ಕೇಳಬೇಕೋ ಬೇಡವೋ ಎಂದು ನಿರ್ಧರಿಸುವ ಜಿಲ್ಲಾ ಅಟಾರ್ನಿ ಬಹುತೇಕ ಕಡೆ ಚುನಾಯಿತ ವ್ಯಕ್ತಿ. ಹಾಗಾಗಿ ಗಡಿ ರಾಜ್ಯದ್ದಷ್ಟೇ ಅಲ್ಲ, ನಮ್ಮ ಜಿಲ್ಲೆಗೆ ಸಮನಾದ ಕೌಂಟಿಯದೂ ಹೌದು. ಟೆಕ್ಸಾಸಿನ ಹ್ಯೂಸ್ಟನ್ ನಗರವಿರುವ ಹ್ಯಾರಿಸ್ ಕೌಂಟಿ ಒಂದರಿಂದಲೇ 130ಕ್ಕೂ ಹೆಚ್ಚು ಮಂದಿ ಸಾವಿಗೆ ಹೋಗಿದ್ದಾರೆ. ಅದೇ ರಾಜ್ಯದ ಬಹಳಷ್ಟು ಕೌಂಟಿಗಳು ಒಬ್ಬನನ್ನೂ ಕಳಿಸಿಲ್ಲ. ದುಬಾರಿ ವಿಚಾರಣೆಯ ಖರ್ಚು ತಡೆಯುವ ಶಕ್ತಿ ಚಿಕ್ಕ ಕೌಂಟಿಗಳಿಗಿಲ್ಲ ಎಂಬುದೂ ಒಂದು ಕಾರಣ.

ಮಾರ್ಗಸೂಚಿಗಳು ಹಳೆಯ ಪಕ್ಷಪಾತವನ್ನು ತೊಳೆದವೇ ಎಂಬ ಪ್ರಶ್ನೆ 1987ರಲ್ಲಿ ಮತ್ತೆ ಜಾರ್ಜಿಯಾದಿಂದಲೇ ಬಂತು. ಪೊಲೀಸ್ ಅಧಿಕಾರಿಯ ಕೊಲೆಗಾಗಿ ಶಿಕ್ಷೆಯಾಗಿದ್ದ ವಾರೆನ್ ಮೆಕ್ಲೆಸ್ಕಿಯ ವಕೀಲರು ಕೋರ್ಟಿನ ಮುಂದಿಟ್ಟದ್ದು ಪ್ರೊಫೆಸರ್ ಡೇವಿಡ್ ಬಾಲ್ಡಸ್ ಮತ್ತು ಸಂಗಡಿಗರ ಅಧ್ಯಯನ. ಎರಡು ಸಾವಿರಕ್ಕೂ ಹೆಚ್ಚು ಕೊಲೆ ಪ್ರಕರಣಗಳನ್ನು ಜಾಲಾಡಿ ಅವರು ಕಂಡುಕೊಂಡದ್ದು ಇಷ್ಟು: ಸತ್ತವನು ಬಿಳಿಯನಾದರೆ ಕೊಂದವನಿಗೆ ಮರಣದಂಡನೆ ಬೀಳುವ ಸಂಭವ 4.3 ಪಟ್ಟು ಹೆಚ್ಚು. ಅಂಕಿ ಅಂಶ ಸರಿಯೆಂದೇ ಇಟ್ಟುಕೊಂಡರೂ ಈ ಒಬ್ಬನ ವಿಷಯದಲ್ಲಿ ಪಕ್ಷಪಾತ ನಡೆಯಿತೆಂದು ಅದರಿಂದ ಸಾಬೀತಾಗದು ಎಂದು 5–4ರಲ್ಲಿ ಕೋರ್ಟು ತೀರ್ಪಿತ್ತಿತು. ಬರೆದವರು ವರ್ಜೀನಿಯಾದ ನ್ಯಾಯಮೂರ್ತಿ ಲೂಯಿಸ್ ಪೊವೆಲ್. ನಿವೃತ್ತರಾದ ಮೇಲೆ 1991ರಲ್ಲಿ ತಮ್ಮ ಜೀವನಚರಿತ್ರೆಕಾರರ ಬಳಿ ಅವರು, ಯಾವುದಾದರೂ ಒಂದು ಪ್ರಕರಣದಲ್ಲಿ ಮತ ಬದಲಿಸಬಹುದಾಗಿದ್ದರೆ ಇದರಲ್ಲಿ ಬದಲಿಸುತ್ತಿದ್ದೆ ಎಂದರು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಮೆಕ್ಲೆಸ್ಕಿಯನ್ನು ವಿದ್ಯುತ್ ಕುರ್ಚಿಯಲ್ಲಿ ಕೂರಿಸಲಾಯಿತು.

ಮನಸ್ಸು ಬದಲಿಸಿದ ಇನ್ನೊಬ್ಬರು ಹ್ಯಾರಿ ಬ್ಲ್ಯಾಕ್‌ಮನ್. ಹಗ್ಗದ ಅಳತೆ ತಪ್ಪಿದ ಆ ಸೇಂಟ್ ಪಾಲ್ ನಗರದಲ್ಲೇ ಬೆಳೆದವರು. ಮರಣದಂಡನೆ ಇಲ್ಲದ ರಾಜ್ಯದಲ್ಲಿ ಬಾಳಿದವನು ನಾನು, ನನಗದು ಹಿಡಿಸದು, ಆದರೆ ಅದನ್ನು ತೆಗೆಯುವುದು ಶಾಸನಸಭೆಯ ಕೆಲಸ ಎಂದು ಫರ್ಮನ್ ಪ್ರಕರಣದಲ್ಲಿ ಅವರು ಭಿನ್ನಮತ ಬರೆದಿದ್ದರು. 1994ರಲ್ಲಿ, ನಿವೃತ್ತಿಯ ಹೊಸ್ತಿಲಲ್ಲಿ, ಇಪ್ಪತ್ತು ವರ್ಷ ಪ್ರಯತ್ನಿಸಿದರೂ ಇದನ್ನು ನ್ಯಾಯವಾಗಿ ಹಂಚಲು ಆಗಲಿಲ್ಲ, ಇನ್ನು ನಾನು ಇದಕ್ಕೆ ಕೈಜೋಡಿಸಲಾರೆ ಎಂಬರ್ಥದ ಮಾತು ಬರೆದು ಹೊರಬಂದರು.

ನಕ್ಷೆ ಈಗ ಮತ್ತೆ ಬದಲಾಗುತ್ತಿದೆ. ಹನ್ನೆರಡು ಮಂದಿಯನ್ನು ಕೊಂದು, ಹದಿಮೂರು ನಿರಪರಾಧಿಗಳನ್ನು ಸರದಿಯಿಂದ ಬಿಡುಗಡೆ ಮಾಡಬೇಕಾಗಿ ಬಂದ ಇಲಿನಾಯ್ 2000ದಲ್ಲಿ ತಡೆ ಹಾಕಿ, 2011ರಲ್ಲಿ ಶಿಕ್ಷೆಯನ್ನೇ ಕೈಬಿಟ್ಟಿತು. ಮೇರಿಲ್ಯಾಂಡ್ 2013ರಲ್ಲಿ. 1608ರಿಂದ ಲೆಕ್ಕ ಹಾಕಿದರೆ ಬೇರೆಲ್ಲ ರಾಜ್ಯಗಳಿಗಿಂತ ಹೆಚ್ಚು ಜನರನ್ನು ಕೊಂದ ವರ್ಜೀನಿಯಾ 2021ರಲ್ಲಿ. ದಕ್ಷಿಣದ ಹಳೆಯ ಗುಲಾಮಗಿರಿ ರಾಜ್ಯಕೂಟದಲ್ಲಿ ಈ ಹೆಜ್ಜೆ ಇಟ್ಟದ್ದು ಅದೊಂದೇ. ನೆಬ್ರಾಸ್ಕದ ಶಾಸಕರು 2015ರಲ್ಲಿ ಗವರ್ನರರ ವಿರೋಧವನ್ನೂ ಮೀರಿ ರದ್ದು ಮಾಡಿದರು, ಮರುವರ್ಷ ಮತದಾರರು ವಾಪಸು ತಂದರು. 2025ರ ಕೊನೆಗೆ 27 ರಾಜ್ಯಗಳ ಪುಸ್ತಕದಲ್ಲಿ ಮರಣದಂಡನೆ ಉಳಿದಿತ್ತು, 23ರಲ್ಲಿ ಇರಲಿಲ್ಲ.

ಅಲಬಾಮದ್ದು ಮಾತ್ರ ಹೇಳದೆ ಬಿಡುವಂತಿಲ್ಲ. ಆ ರಾಜ್ಯದಲ್ಲಿ ಜ್ಯೂರಿ ಜೀವಾವಧಿ ಸಾಕೆಂದರೂ ನ್ಯಾಯಾಧೀಶ ಅದನ್ನು ಬದಿಗೊತ್ತಿ ಮರಣ ವಿಧಿಸಬಹುದಿತ್ತು. ಅಲ್ಲಿನ ನ್ಯಾಯಾಧೀಶರೂ ಚುನಾವಣೆಗೆ ನಿಲ್ಲುವವರೇ. ಹಣಕ್ಕಾಗಿ ಪಾದ್ರಿಯೊಬ್ಬನ ಹೆಂಡತಿಯನ್ನು ಕೊಂದ ಪ್ರಕರಣದಲ್ಲಿ ಕೆನೆತ್ ಸ್ಮಿತ್‌ಗೆ 1996ರಲ್ಲಿ ಜ್ಯೂರಿ 11–1ರಿಂದ ಜೀವಾವಧಿ ಎಂದಿತು, ನ್ಯಾಯಾಧೀಶ ಮರಣವೆಂದ. 2017ರಲ್ಲಿ ರಾಜ್ಯ ನ್ಯಾಯಾಧೀಶರ ಆ ಅಧಿಕಾರವನ್ನು ಕಿತ್ತುಹಾಕಿತು, ಆದರೆ ಹೊಸ ಕಾನೂನು ಹಿಂದಿನವರಿಗೆ ಅನ್ವಯಿಸಲಿಲ್ಲ. 2022ರ ನವೆಂಬರಿನಲ್ಲಿ ಚುಚ್ಚುಮದ್ದಿಗೆ ಅವನ ನರ ಸಿಗದೆ, ಗಡುವು ಮುಗಿಯಿತೆಂದು ಅವನನ್ನು ಕೋಣೆಗೆ ವಾಪಸು ಕಳಿಸಿದರು. 2024ರ ಜನವರಿ 25ರಂದು ಮುಖಕ್ಕೆ ಮುಖವಾಡ ಬಿಗಿದು ಸಾರಜನಕ ಉಸಿರಾಡಿಸಿದರು. ಆ ವಿಧಾನದಿಂದ ಸತ್ತ ಮೊದಲ ಕೈದಿ ಅವನು. ಅದೇ ಅಪರಾಧ, ಅದೇ 11–1ರ ಮತ 2017ರ ನಂತರದ ವಿಚಾರಣೆಯಲ್ಲಿ ಬಂದಿದ್ದರೆ ಅದೇ ಅಲಬಾಮದಲ್ಲೇ ಅವನಿಗೆ ಮರಣದಂಡನೆ ವಿಧಿಸಲು ಯಾವ ನ್ಯಾಯಾಧೀಶನಿಗೂ ಅಧಿಕಾರವಿರುತ್ತಿರಲಿಲ್ಲ.